ಸುಕನ್ಯಾ ಸಿಸ್ಟರ್ ಕೇಳುವ ಪ್ರಶ್ನೆಗಳು

ತಲೆಗೆ ಪೆಟ್ಟು ಬಿದ್ದವರಿಗೆ ಕೇಳಬೇಕಾದ ಪ್ರಶ್ನೆಗಳು ಯಾವ ಆಸ್ಪತ್ರೆಯಲ್ಲಾದರೂ ಒಂದೇ: ನಿಮ್ಮ ಹೆಸರೇನು, ಇದು ಯಾವ ಜಾಗ, ಇವತ್ತು ಯಾವ ವಾರ. ಮೂಡಿಗೆರೆಯ ಹತ್ತು ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನರ್ಸ್ ಆಗಿರುವ ಸುಕನ್ಯಾ ಇವುಗಳ ಜೊತೆಗೆ ತನ್ನವನ್ನೂ ಒಂದೆರಡು ಸೇರಿಸಿಕೊಂಡಿದ್ದಳು. ಹೆಸರನ್ನು ಯಾರಾದರೂ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಬೆಳಿಗ್ಗೆ ಏನು ತಿಂದಿರಿ, ಮನೆಯಲ್ಲಿ ಉಪ್ಪು ಎಲ್ಲಿಡುತ್ತೀರಿ ಎಂಬುದಕ್ಕೆ ತಲೆ ಕೊಂಚವಾದರೂ ಓಡಬೇಕಲ್ಲ ಎಂಬುದು ಅವಳ ಎಣಿಕೆ.

ಗಂಡಸರ ಮಟ್ಟಿಗೆ ಈ ಎಣಿಕೆ ಮೊದಲ ವರ್ಷವೇ ತಲೆಕೆಳಗಾಯಿತು. ಬೈಕಿನಿಂದ ಬಿದ್ದ ಮೇಷ್ಟ್ರೊಬ್ಬರು ಉಪ್ಪಿನ ಪ್ರಶ್ನೆಗೆ ಬೆಬ್ಬೆಬ್ಬೆ ಎಂದಾಗ ಅವಳು ಚಾರ್ಟಿನಲ್ಲಿ 'ಗೊಂದಲ' ಎಂದು ಬರೆದಳು. ಮೇಷ್ಟ್ರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಅದು ಬಿದ್ದದ್ದಕ್ಕಲ್ಲ ಸಿಸ್ಟರ್. ಮದ್ವೆ ಆದಾಗಿಂದ ಹಂಗೇ." ಅಂದಿನಿಂದ ಸುಕನ್ಯಾ ಮೊದಲು ಹೆಂಡತಿಯನ್ನು ಕೇಳುತ್ತಾಳೆ: "ಇವ್ರಿಗೆ ಬೀಳೋಕೆ ಮೊದ್ಲು ಏನೇನು ಗೊತ್ತಿತ್ತು?"

ಫೆಬ್ರುವರಿಯ ಒಂದು ಬೆಳಿಗ್ಗೆ ದೇವರಮನೆ ರಸ್ತೆಯ ಬೆಳೆಗಾರ ಓಂಕಾರಮೂರ್ತಿಯವರನ್ನು ಜೀಪಿನಲ್ಲಿ ತಂದರು. ಮೆಣಸು ಕೊಯ್ಯುವವರಿಗೆ ಏಣಿ ಹತ್ತುವುದು ಹೇಗೆಂದು ತೋರಿಸಲು ಹೋಗಿ, ಇಳಿಯಬಾರದ ರೀತಿಯನ್ನೂ ತೋರಿಸಿಬಿಟ್ಟಿದ್ದರು. ಎರಡು ನಿಮಿಷ ಎಚ್ಚರ ತಪ್ಪಿತ್ತು, ಒಮ್ಮೆ ವಾಂತಿಯಾಗಿತ್ತು. ಜೊತೆಯಲ್ಲಿ ಹೆಂಡತಿ ಸರ್ವಮಂಗಳಾ. ಒಲೆಯ ಮುಂದಿನಿಂದ ಹಾಗೇ ಎದ್ದು ಬಂದವರು, ಕೈಯಲ್ಲಿ ಇನ್ನೂ ಅಕ್ಕಿಹಿಟ್ಟು.

ಸುಕನ್ಯಾ ಕುತ್ತಿಗೆಗೆ ಪಟ್ಟಿ ಕಟ್ಟಿದಳು, ಮಂಚದ ತಲೆಭಾಗ ಎತ್ತರಿಸಿದಳು, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರುತ್ತಿದೆಯೇ ಎಂದು ನೋಡಿದಳು, ಕಣ್ಣಿಗೆ ಟಾರ್ಚ್ ಬಿಟ್ಟಳು. ಕಣ್ಣು ತೆರೆಯುವುದಕ್ಕೆ, ಮಾತಿಗೆ, ಕೈಕಾಲು ಆಡಿಸುವುದಕ್ಕೆ ಬೇರೆ ಬೇರೆ ಅಂಕ.

"ಹದಿನೈದಕ್ಕೆ ಹದಿನೈದು ಸಾರ್."

"ಎಸ್ಸೆಲ್ಸಿಲೂ ನಂಗೆ ಇಷ್ಟು ಬಂದಿರ್ಲಿಲ್ಲ," ಎಂದು ಓಂಕಾರಮೂರ್ತಿ ಬೀಗಿದರು. "ಮಂಗಳಾ, ಕಾಫಿ ತರ್ಸು. ಆ ಫ್ಯಾನ್ ಸಣ್ಣ ಮಾಡು. ನಿಂತ್ಕಂಡು ಎಂತ ನೋಡ್ತಿದ್ದೀಯ?"

"ಕಾಫಿ ನೀರು ಏನೂ ಇಲ್ಲ ಸಾರ್. ನಿದ್ದೆ ಬಂದ್ರೂ ಅರ್ಧರ್ಧ ಗಂಟೆಗೆ ಎಬ್ಬಿಸ್ತೀನಿ."

"ಇದೇನು ಆಸ್ಪತ್ರೆನಾ, ಪೊಲೀಸ್ ಸ್ಟೇಷನ್ನಾ?"

ಸುಕನ್ಯಾ ಸರ್ವಮಂಗಳಾ ಕಡೆ ತಿರುಗಿದಳು. "ಅಮ್ಮ, ಮನೇಲೂ ಹಿಂಗೇನಾ?"

"ಇದೇ ಸಿಸ್ಟರ್. ಇವತ್ತು ಸ್ವಲ್ಪ ಮೆತ್ತಗಿದ್ದಾರೆ."

ಡಾಕ್ಟರ್ ಶಶಿಧರ್ ಬಂದು ನೋಡಿ, ಸಂಜೆಯವರೆಗೆ ಇಲ್ಲೇ ಇರಲಿ, ಏನಾದರೂ ಬದಲಾದರೆ ಹಾಸನಕ್ಕೆ ಸ್ಕ್ಯಾನಿಗೆ ಕಳಿಸೋಣ ಎಂದರು. ಏನಾದರೂ ಬದಲಾದರೆ! ಆ ಮಾತು ಕೇಳಿದಾಗಲೆಲ್ಲ ಸುಕನ್ಯಾಳಿಗೆ ಹಳೆಯದೊಂದು ನೆನಪಾಗುತ್ತದೆ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಳಸದ ಕಡೆಯ ಒಬ್ಬ ಡ್ರೈವರ್ ಹೀಗೇ ಹದಿನೈದಕ್ಕೆ ಹದಿನೈದು ತೆಗೆದು, ಚೆನ್ನಾಗಿ ಮಾತಾಡಿ, 'ಪಾಪ ಮಲಗಲಿ' ಎಂದು ಎಲ್ಲರೂ ಬಿಟ್ಟ ಮೇಲೆ ಮತ್ತೆ ಏಳಲಿಲ್ಲ. ತಲೆಬುರುಡೆಯೊಳಗೆ ರಕ್ತ ಸದ್ದಿಲ್ಲದೆ ತುಂಬುತ್ತದೆ. ಬೇಲೂರು ದಾಟಿ ಹಾಸನ ಮುಟ್ಟಲು ಒಂದೂವರೆ ಗಂಟೆ ಬೇಕು. ಹೊರಡುವುದು ತಡವಾದರೆ ರೋಗಿ ಉಳಿಯುವುದಿಲ್ಲ.

ಹನ್ನೆರಡೂವರೆಗೆ ಅವಳ ಫೋನ್ ಹೊಡೆದುಕೊಂಡಿತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಗಂಡ ರಾಜೇಶ್. "ಸುಕ್ಕೂ, ಕುಕ್ಕರ್ ಎಷ್ಟು ಸಲ ಕೂಗ್ಬೇಕು?"

"ನಿನ್ನೆ ಎಷ್ಟು ಕೂಗಿತ್ತು ಮಾರಾಯ?"

"ನಿನ್ನೆ ನೀನಿದ್ಯಲ್ಲ."

ಆಳುಗಳ ಹಾಜರಿಯನ್ನು ಪುಸ್ತಕ ನೋಡದೆ ಹೇಳುವವನು! ಮೂರು ಎಂದು ಹೇಳಿ ಫೋನ್ ಇಟ್ಟಳು. ಒಂದು ಗಂಟೆಗೆ ಓಂಕಾರಮೂರ್ತಿಯವರನ್ನು ಎಬ್ಬಿಸಿದಳು. ಅವರು ಬೈದರು. ಚಾರ್ಟಿನಲ್ಲಿ ಮತ್ತೆ ಹದಿನೈದು.

ಹದಿನೈದು ನಿಮಿಷವೂ ಆಗಿರಲಿಲ್ಲ, ಸರ್ವಮಂಗಳಾ ವಾರ್ಡಿನಿಂದ ಓಡಿ ಬಂದರು. ಚಪ್ಪಲಿಯೂ ಇರಲಿಲ್ಲ.

"ಸಿಸ್ಟರ್, ಬೇಗ ಬನ್ನಿ! ಇವ್ರಿಗೆ ತಲೆ ಕೆಟ್ಟಿದೆ!"

"ಏನಾಯ್ತಮ್ಮ? ಫಿಟ್ಸ್ ಬಂತಾ?"

"ನಂಗೆ... ನಂಗೆ 'ನಿಂದು ಊಟ ಆಯ್ತಾ' ಅಂತ ಕೇಳಿದ್ರು."

ಬಾಗಿಲಲ್ಲಿದ್ದ ಡಾಕ್ಟರ್ ಶಶಿಧರ್ ಜೋರಾಗಿ ನಕ್ಕರು. "ಒಳ್ಳೇದೇ ಆಯ್ತಲ್ಲಮ್ಮ. ಬಿದ್ದ ಮೇಲಾದ್ರೂ ಬುದ್ಧಿ ಬಂತು."

"ನಗಬೇಡಿ ಡಾಕ್ಟ್ರೇ. ಮೂವತ್ತೊಂದು ವರ್ಷದಲ್ಲಿ ಒಂದ್ಸಲ ಕೇಳಿಲ್ಲ ಇವ್ರು. 'ಕಾಲು ನೋಯುತ್ತೆ, ಕೂತ್ಕೋ ಮಂಗಳಾ' ಅಂತ ಬೇರೆ ಅಂದ್ರು. ಇದು ಇವರಲ್ಲ."

ಸುಕನ್ಯಾಳಿಗೂ ನಗು ಬಂದಿತ್ತು, ಆದರೆ 'ಇದು ಇವರಲ್ಲ' ಎಂಬಲ್ಲಿ ಅದು ನಿಂತುಹೋಯಿತು. ಒಬ್ಬ ಮನುಷ್ಯನನ್ನು ಮೂವತ್ತೊಂದು ವರ್ಷ, ದಿನಕ್ಕೆ ಮೂರು ಹೊತ್ತು ಬಡಿಸುತ್ತ ನೋಡಿದವಳ ಮುಂದೆ ಅರ್ಧ ಗಂಟೆಗೊಮ್ಮೆ ಬರೆಯುವ ಚಾರ್ಟು ಯಾವ ಲೆಕ್ಕ? ಅವಳು ಮಂಚದ ಬಳಿಗೆ ಓಡಿದಳು.

ಓಂಕಾರಮೂರ್ತಿ ಸಣ್ಣಗೆ ಮುಗುಳ್ನಗುತ್ತ ಮಲಗಿದ್ದರು.

"ಸಾರ್, ನನ್ನ ಎರಡೂ ಕೈ ಗಟ್ಟಿ ಹಿಡ್ಕೊಳ್ಳಿ."

ಬಲಗೈ ಹಿಡಿಯಿತು. ಎಡಗೈ ಹಿಡಿದಂತೆ ಮಾಡಿ ಜಾರಿತು. ನಾಡಿ ಎಪ್ಪತ್ತೆಂಟರಿಂದ ಐವತ್ತಾರಕ್ಕೆ ಇಳಿದಿತ್ತು, ಬಿಪಿ ಮೇಲೇರಿತ್ತು. ಟಾರ್ಚ್ ಬಿಟ್ಟರೆ ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ಎಳ್ಳಷ್ಟು ದೊಡ್ಡದು. "ಇವತ್ತು ಯಾವ ವಾರ ಸಾರ್?" ಎಂದು ಕೇಳಿದಳು.

"ನೀವೂ ಊಟ ಮಾಡಿ ತಾಯಿ," ಎಂದರು ಓಂಕಾರಮೂರ್ತಿ.

ಡಾಕ್ಟರ್ ನಗು ಬಿಟ್ಟು ಟಾರ್ಚ್ ಕೈಗೆತ್ತಿಕೊಂಡರು. ಹತ್ತೇ ನಿಮಿಷದಲ್ಲಿ ಆಂಬುಲೆನ್ಸ್ ತಯಾರಾಯಿತು. ಹಾಸನದವರಿಗೆ ಕೊಡುವ ಕಾಗದ ಬರೆಯುತ್ತ ಡಾಕ್ಟರ್ ಪೆನ್ನು ನಿಲ್ಲಿಸಿದರು. "ಮೊದಲ ಬದಲಾವಣೆ ಏನು ಅಂತ ಬರೀಲಿ ಸುಕನ್ಯಾ?"

"ಆಗಿದ್ದನ್ನೇ ಬರೀರಿ ಸಾರ್. ಹೆಂಡತಿಗೆ ಊಟ ಆಯ್ತಾ ಅಂತ ವಿಚಾರಿಸಿದರು."

ಡಾಕ್ಟರ್ 'ಸ್ವಭಾವದಲ್ಲಿ ದಿಢೀರ್ ಬದಲಾವಣೆ' ಎಂದು ಬರೆದರು. ಸುಕನ್ಯಾಳೇ ಜೊತೆಯಲ್ಲಿ ಹೊರಟಳು. ದಾರಿಯುದ್ದಕ್ಕೂ ಆಕ್ಸಿಜನ್ ನೋಡುತ್ತ, ಪಾಪೆ ನೋಡುತ್ತ, ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಬೇಲೂರು ದಾಟುವಷ್ಟರಲ್ಲಿ ಅವರು ಉತ್ತರಿಸುವುದನ್ನು ನಿಲ್ಲಿಸಿದರು. ಸರ್ವಮಂಗಳಾ ಅವರ ಕಾಲು ಹಿಡಿದು ಕೂತಿದ್ದರು. "ಬೈರಿ ನೋಡಣ, ಒಂದ್ಸಲ ಬೈರಿ," ಎಂದು ಗೊಣಗುತ್ತಿದ್ದರು.

ಹಾಸನದಲ್ಲಿ ಸ್ಕ್ಯಾನ್ ಮುಗಿಸಿ ನೇರ ಆಪರೇಷನ್ ಕೋಣೆಗೆ ಒಯ್ದರು. ರಕ್ತದ ಗಡ್ಡೆ ತೆಗೆದ ಸರ್ಜನ್, ಇನ್ನು ಅರ್ಧ ಗಂಟೆ ಕಳೆದಿದ್ದರೆ ನಮ್ಮ ಕೈಲಿರುತ್ತಿರಲಿಲ್ಲ ಎಂದರಂತೆ.

ತಿಂಗಳು ಕಳೆದು ದಂಪತಿ ಮೂಡಿಗೆರೆಗೆ ತೋರಿಸಲು ಬಂದರು. ಓಂಕಾರಮೂರ್ತಿಯವರ ಬೋಳು ತಲೆಯ ಮೇಲೆ ಕುದುರೆ ಲಾಳದಂಥ ಹೊಲಿಗೆಯ ಗುರುತು. ಎಡಗೈ ಇನ್ನೂ ಸೋಮಾರಿ. ಸುಕನ್ಯಾ ಹಾಸನದವರು ಕೊಟ್ಟ ಪಟ್ಟಿ ಹಿಡಿದು, ಮನೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ಹೇಳಿಕೊಟ್ಟಳು: ಏಣಿ ಹತ್ತುವಂತಿಲ್ಲ, ಮಾತ್ರೆ ತಪ್ಪಿಸುವಂತಿಲ್ಲ, ತಲೆನೋವು ಜಾಸ್ತಿಯಾದರೆ, ವಾಂತಿಯಾದರೆ ಕೂಡಲೇ ಬರಬೇಕು.

"ಸಿಟ್ಟು ಬಂದ್ರೆ?" ಸರ್ವಮಂಗಳಾ ಕೇಳಿದರು.

"ಹೊಸ ಸಿಟ್ಟಾ ಹಳೇದಾ ನೋಡಿ. ಹೊಸದಾದ್ರೆ ಫೋನ್ ಮಾಡಿ."

ಹೇಳುತ್ತ ಹೇಳುತ್ತ ಅವಳಿಗೆ ಕಂಡಿತು: ಪಟ್ಟಿಯಲ್ಲಿದ್ದ ಒಂದೊಂದು ಕೆಲಸವೂ ಈಗಾಗಲೇ ಬೆಳಿಗ್ಗೆ ಐದಕ್ಕೆ ಏಳುವ ಇದೇ ಹೆಂಗಸಿನ ತಲೆಯ ಮೇಲೆ ಬೀಳುತ್ತಿದೆ. ಕೊನೆಯ ಸಾಲಿನಲ್ಲಿ ಹಾಸನದವರು 'ಎಡಗೈ ಬೆರಳುಗಳಿಗೆ ವ್ಯಾಯಾಮ' ಎಂದಷ್ಟೇ ಬರೆದಿದ್ದರು. ಸುಕನ್ಯಾ ಗಂಟಲು ಸರಿಮಾಡಿಕೊಂಡಳು.

"ಬೆಳ್ಳುಳ್ಳಿ ಸುಲಿಯೋದು, ಅಕ್ಕಿ ಆರಿಸೋದು, ಬಟ್ಟೆ ಮಡಿಸೋದು, ಹಿಟ್ಟು ನಾದೋದು. ದಿನಾ ಬೆಳಿಗ್ಗೆ, ಸಂಜೆ."

"ಅಲ್ಲಿ ರಬ್ಬರ್ ಚೆಂಡು ಒತ್ತಿ ಅಂದಿದ್ರು," ಎಂದರು ಓಂಕಾರಮೂರ್ತಿ.

"ಅಲ್ಲಿ ಬೆಳ್ಳುಳ್ಳಿ ಇರ್ಲಿಲ್ಲ ಸಾರ್."

"ಎಷ್ಟು ದಿನ ಇದೆಲ್ಲ?"

"ಎಡಗೈ ಪೂರ್ತಿ ಸರಿಯಾಗೋವರೆಗೆ."

"ಸರಿಯಾಯ್ತು ಅಂತ ಹೇಳೋರು ಯಾರು?"

"ಅಮ್ಮಾವ್ರು. ನಿಮ್ಮ ವಿಷ್ಯದಲ್ಲಿ ನಮ್ಮೆಲ್ಲರಿಗಿಂತ ಮೊದ್ಲು ಗೊತ್ತಾಗೋದು ಅವ್ರಿಗೇ ಅಲ್ವಾ?"

ಸರ್ವಮಂಗಳಾ ಗಂಡನ ಎಡಗೈಯನ್ನು ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಿಸಿ, ಬಹಳ ಹೊತ್ತು ಗಂಭೀರವಾಗಿ ಪರೀಕ್ಷಿಸಿದರು.

"ಇನ್ನೂ ಒಂದು ವರ್ಷ ಆದ್ರೂ ಬೇಕು ಸಿಸ್ಟರ್," ಎಂದರು.