ಬಾಸ್‌ನ ರಜೆ, ನನ್ನ ತಂಗಿಯ ಮದುವೆ

ಮಸ್ಕತ್ತಿನಲ್ಲಿ ನಾನು ಎಸಿ ರಿಪೇರಿಯ ಒಂದು ಕಂಪನಿಯಲ್ಲಿದ್ದೆ. ಬಾಸ್ ಮಣಿಪಾಲದವರು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ. ಈದ್‌ಗೆ ಅಲ್ಲಿಯವರ ಜೊತೆ ಅವರಿಗೆ ರಜೆ, ಅಷ್ಟಮಿಗೂ ಚೌತಿಗೂ ಊರಿನವರ ಜೊತೆ ರಜೆ, ನಡುವೆ ಮೈಗೆ ಹುಷಾರಿಲ್ಲವೆಂದು ಮತ್ತೊಂದು. ಈದ್ ದಿನವೂ ಯಾರದೋ ಮನೆಯ ಎಸಿ ಕೆಡುತ್ತದೆ. ಏಣಿ ಹತ್ತುವವನು ನಾನು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತಂಗಿಯ ಮದುವೆ ಗಂಡಿನ ಊರು ಕಾರ್ಕಳದಲ್ಲಿ ನಿಶ್ಚಯವಾಯಿತು. ಅಪ್ಪ ಇಲ್ಲದ ಮನೆ, ಮುಂದೆ ನಿಂತು ಮಾಡಿಸಬೇಕಾದವನು ನಾನು. ರಜೆ ಮಂಜೂರಾಗಿ ಟಿಕೆಟೂ ಆಗಿತ್ತು. ಅಷ್ಟರಲ್ಲಿ ಬಾಸ್ ಕರೆದು, “ಅಮ್ಮ ಬಿದ್ದು ಸೊಂಟ ಮುರಿದಿದೆ ಮಾರಾಯ, ನಾನು ಹೋಗಲೇಬೇಕು. ಇಬ್ಬರೂ ಹೋದರೆ ಇಲ್ಲಿ ಯಾರುಂಟು? ನೀನು ನಿಲ್ಲು,” ಎಂದರು. ತಾಯಿಯ ವಿಷಯ, ಎಂತ ಹೇಳುವುದು? ನಿಂತೆ. ತಂಗಿಯ ಧಾರೆಯನ್ನು ಯಾರದೋ ತಾರಸಿಯ ಮೇಲೆ, ಸುಡುವ ಬಿಸಿಲಿನಲ್ಲಿ, ಮೊಬೈಲಿನಲ್ಲಿ ನೋಡಿದೆ.

ಅದೇ ವಾರ ಬಾಸ್ ಒಂದು ಫೋಟೊ ಕಳಿಸಿದರು. ನನ್ನೂರು ಕಾಪುವಿನ ಲೈಟ್‌ಹೌಸ್ ಕೆಳಗೆ, ಬಂಡೆಯ ಮೇಲೆ ಅವರು, ಹೆಂಡತಿ, ನಡುವೆ ನಗುತ್ತಾ ನಿಂತ ಅಮ್ಮ. “ನಿಮ್ಮ ಊರು ಸೂಪರ್,” ಎಂದು ಬರೆದಿದ್ದರು. ಆ ಬಂಡೆ ಹತ್ತುವುದು ಎಷ್ಟು ಕಷ್ಟವೆಂದು ಅಲ್ಲೇ ಬೆಳೆದ ನನಗೆ ಗೊತ್ತು. ಹೇಳಿದ ಸುಳ್ಳು ಅವರಿಗೇ ಮರೆತಿತ್ತೋ, ಅಥವಾ ನಾನು ಲೆಕ್ಕಕ್ಕೇ ಇರಲಿಲ್ಲವೋ.

ಫೋಟೊವನ್ನು ಮೊಬೈಲಿನಲ್ಲಿ ಉಳಿಸಿಕೊಂಡೆ. ಕಾದೆ.

ಮರುದಿನ ಕಂಪನಿಯ ಮಾಲೀಕರು ಆಫೀಸಿಗೆ ಬಂದರು. ವಯಸ್ಸಾದ ಒಮಾನಿ, ಮೃದು ಮನುಷ್ಯ. “ಅವನ ತಾಯಿ ಹೇಗಿದ್ದಾರೆ? ದಿನಾ ಪ್ರಾರ್ಥಿಸುತ್ತಿದ್ದೇನೆ,” ಎಂದರು.

“ತುಂಬಾ ಚೆನ್ನಾಗಿದ್ದಾರೆ,” ಎಂದು ಫೋಟೊ ತೋರಿಸಿದೆ.

ಅವರು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನೆದುರೇ ಬಾಸ್‌ಗೆ ಫೋನ್ ಮಾಡಿ, ಸಿಕ್ಕಿದ ಮೊದಲ ವಿಮಾನಕ್ಕೆ ಬಾ ಎಂದರು. ಅಷ್ಟೇ.

ಬಾಸ್ ಬಂದವರೇ ನನ್ನನ್ನು ಬಾಗಿಲ ಹತ್ತಿರ ತಡೆದರು. “ನೀನೂ ನಮ್ಮ ಕಡೆಯವನಲ್ವಾ? ಹೀಗೆ ಮಾಡುವುದಾ?”

“ಮಾಲೀಕರು ನಿಮ್ಮ ತಾಯಿಯ ಆರೋಗ್ಯ ಕೇಳಿದರು, ಹೇಳಿದೆ,” ಎಂದೆ. ಹೇಳುವಾಗ ಬಾಯಿಗೆ ಬೆಲ್ಲ ಹಾಕಿಕೊಂಡ ಹಾಗಾಯಿತು.

ಆ ವರ್ಷದ ಹಬ್ಬಗಳಿಗೆಲ್ಲ ಡ್ಯೂಟಿ ಅವರದ್ದೇ. ನನಗೆ ಮಾಲೀಕರೇ ಕರೆದು ರಜೆ ಕೊಟ್ಟರು. ಕಾರ್ಕಳಕ್ಕೆ ಹೋದೆ. ತಂಗಿ ಗಂಡನ ಮನೆಯಲ್ಲಿ ಬಡಿಸುತ್ತಾ ಕತೆಯೆಲ್ಲ ಕೇಳಿ, “ಪಾಪ ಅಲ್ವಾ ನಿನ್ನ ಬಾಸ್?” ಎಂದಳು.

“ಅಲ್ಲ,” ಎಂದೆ, ಇನ್ನೊಂದು ನೀರುದೋಸೆ ಹಾಕಿಸಿಕೊಂಡೆ.