ಕೆಂಪು ಪಟ್ಟಿ

ಮಗಳಿಗೆ ಎರಡನೆಯ ಸಲ ಫಿಟ್ಸ್ ಬಂದ ವಾರ ಅತ್ತೆ ದೈವಕ್ಕೆ ಒಂದು ಹುಂಜದ ಹರಕೆ ಹೇಳಿಕೊಂಡರು. ಗೂಡಿನಲ್ಲಿದ್ದ ಕಂದು ಮರಿಹುಂಜಗಳಲ್ಲಿ ಒಂದನ್ನು ಹಿಡಿದು, ಹಳೆಯ ರವಿಕೆಯ ಕೆಂಪು ಬಟ್ಟೆ ಹರಿದು ಅದರ ಕಾಲಿಗೆ ಕಟ್ಟಿದರು. ಇನ್ನು ಅದು ನಮ್ಮದಲ್ಲ. ಮಾರುವ ಹಾಗಿಲ್ಲ, ಕೊಯ್ದು ಪದಾರ್ಥ ಮಾಡುವ ಹಾಗೂ ಇಲ್ಲ. ಪುತ್ತೂರಿನ ಡಾಕ್ಟರು ಕೊಟ್ಟ ಮಾತ್ರೆ ಉಂಟಲ್ಲ, ಅಷ್ಟು ಸಾಕು ಎಂದು ನಾನು ಬಾಯಲ್ಲಿ ಹೇಳುತ್ತಿದ್ದೆ. ದೈವವನ್ನು ಬಿಟ್ಟುಬಿಡುವ ಧೈರ್ಯ ಮಾತ್ರ ನನಗೂ ಇರಲಿಲ್ಲ.

ಆ ವರ್ಷ ಕೋಡಿಂಬಾಳದಲ್ಲಿ ಬೀದಿನಾಯಿಗಳ ಕಾಟ. ಕೋಳಿಗಳನ್ನು ಹೊರಗೆ ಬಿಡುವುದು ನಿಲ್ಲಿಸಿ, ಹಗಲೂ ಬಲೆಯ ಗೂಡಿನಲ್ಲೇ ಕೂಡಿಹಾಕಿದ್ದೆವು. ಕೆದಕಲು ಮಣ್ಣಿಲ್ಲದ ಹೇಂಟೆಗಳು ಆ ಕೆಂಪು ಪಟ್ಟಿಯನ್ನು ಕುಕ್ಕಲು ಶುರುಮಾಡಿದವು. ನಾಲ್ಕೇ ದಿನದಲ್ಲಿ ಬಟ್ಟೆಯ ಸುತ್ತ ಚರ್ಮ ಕಿತ್ತು ರಕ್ತ ಬಂತು. ಕೋಳಿ ವ್ಯಾಪಾರದ ಕಾಕ ನೋಡಿ, ಕೆಂಪು ಕಂಡರೆ ಇವು ಬಿಡುವುದಿಲ್ಲ, ಮೊದಲು ಪಟ್ಟಿ ಬಿಚ್ಚಿ ಅಂದರು. ಅತ್ತೆ ಒಪ್ಪಲಿಲ್ಲ. ಗಾಯಕ್ಕೆ ಅರಸಿನ, ತೆಂಗಿನೆಣ್ಣೆ ಹಚ್ಚಿ, ಹುಂಜವನ್ನು ಅಡುಗೆಮನೆಯ ಹಿಂದೆ ಬುಟ್ಟಿಯಡಿ ಕವುಚಿಟ್ಟರು. ಗಾಯ ಮಾಯುವವರೆಗೆ ಹುಂಜವನ್ನು ಹೊರಗೆ ತೆಗೆಯಬೇಡ ಎಂದು ನನಗೆ ಎರಡೆರಡು ಸಲ ಹೇಳಿ, ಸಂಪಾಜೆಯಲ್ಲಿರುವ ನಾದಿನಿಯ ಮನೆಗೆ ಹೋದರು.

ಬುಟ್ಟಿಯಡಿಯ ಹುಂಜ ಒಂದೇ ಸಮನೆ ಕಿರುಚಿತು. ಮಗಳು ಮಾತ್ರೆ ತಿಂದು ಆಗಷ್ಟೇ ಮಲಗಿದ್ದಳು. ನಿದ್ದೆ ಕೆಟ್ಟರೆ ಮತ್ತೆ ಫಿಟ್ಸ್ ಬಂದೀತೆಂಬ ಹೆದರಿಕೆ ನನಗೆ. ಸಿಟ್ಟು ನೆತ್ತಿಗೇರಿತು. ನಿನ್ನದೊಂದು ಗೋಳು ಎಂದು ಬೈದು ಅದನ್ನು ಗೂಡಿಗೆ ಬಿಟ್ಟೆ.

ಸಂಜೆ ಅಕ್ಕಿ ಹಾಕಲು ಹೋದಾಗ ಅದು ಮೂಲೆಯಲ್ಲಿ ಸತ್ತುಬಿದ್ದಿತ್ತು. ಕಾಲಿನಿಂದ ಶುರುಮಾಡಿ ಹಿಂಭಾಗದವರೆಗೆ ಕುಕ್ಕಿ ತೆಗೆದಿದ್ದವು. ಹೇಂಟೆಗಳು ದಿನಾ ಬರುವ ಹಾಗೆಯೇ ನನ್ನ ಕೈಯ ಅಕ್ಕಿಗೆ ಓಡಿ ಬಂದವು. ಒಂದರ ಕೊಕ್ಕು ಇನ್ನೂ ಒದ್ದೆಯಾಗಿತ್ತು.

ಪಟ್ಟಿ ಬಿಚ್ಚಿ ಸೋಪು ಹಾಕಿ ತೊಳೆದೆ. ಅದೇ ಕಾವಿನಲ್ಲಿ ಹುಟ್ಟಿದ, ಅದೇ ಬಣ್ಣದ ಇನ್ನೊಂದು ಹುಂಜದ ಕಾಲಿಗೆ ಕಟ್ಟಿ ಬುಟ್ಟಿಯಡಿ ಇಟ್ಟೆ. ಸತ್ತದ್ದನ್ನು ಬಾಳೆಯ ಬುಡದಲ್ಲಿ ಹೂತೆ.

ವಾರ ಬಿಟ್ಟು ಬಂದ ಅತ್ತೆ ಕೈಕಾಲು ತೊಳೆದವರೇ ಬುಟ್ಟಿ ಎತ್ತಿದರು. ಪಟ್ಟಿ ಸರಿಸಿ, ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು.

"ನೋಡು, ಒಂದು ಕಲೆ ಸಹ ಇಲ್ಲ. ಮಗುವಿನದ್ದೂ ಹೀಗೇ ಹೋಗ್ತದೆ."

"ಹೌದು ಅತ್ತೆ" ಎಂದೆ.

ಆ ಹುಂಜವನ್ನೇ ದೈವಕ್ಕೆ ಒಪ್ಪಿಸಿದೆವು. ಈಗ ಮೂರು ವರ್ಷವಾಯಿತು, ಮಗಳಿಗೆ ಮತ್ತೆ ಫಿಟ್ಸ್ ಬಂದಿಲ್ಲ. ಮಾತ್ರೆ ನಿಲ್ಲಿಸೋಣ ಎಂದು ಡಾಕ್ಟರು ಹೇಳುತ್ತಿದ್ದಾರೆ. ಅತ್ತೆ ಬಂದವರಿಗೆಲ್ಲ ಆ ಕಾಲಿನ ಕಥೆ ಹೇಳುತ್ತಾರೆ, ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಊಟದ ನಡುವೆ ಮಗಳ ಕೈ ಸುಮ್ಮನೆ ನಿಂತರೂ ಸಾಕು, ನನಗೆ ಬಾಳೆಯ ಬುಡ ಕಾಣುತ್ತದೆ. ದೈವಕ್ಕೆ ಹೇಳಿಕೊಂಡ ಹುಂಜ ಅಲ್ಲಿಯೇ ಉಂಟು.

ಶಾಲೆಗೆ ಕೆಂಪು ರಿಬ್ಬನ್ ಬೇಕೆಂದು ಅವಳು ಕಳೆದ ವಾರ ಹಟ ಹಿಡಿದಳು. ನಿನಗೆ ಚಂದ ಕಾಣುವುದಿಲ್ಲ ಎಂದು ಹೇಳಿ ಕಪ್ಪು ಕಟ್ಟಿ ಕಳಿಸಿದೆ. ಕೆಂಪು ಅವಳಿಗೆ ತುಂಬ ಚಂದ ಕಾಣುತ್ತದೆ.