ಒಡೆದ ಬಳೆಯ ಡಬ್ಬಿ

ಆಗಿನ ಕಾಲವೇ ಚೆಂದವಿತ್ತು ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಏನು ಚೆಂದವಿತ್ತು, ಮಣ್ಣು! ಆದರೂ ಒಂದು ಮಾತು ಒಪ್ಪಲೇಬೇಕು. ನಾನು ಚಿಕ್ಕವಳಿದ್ದಾಗ ಮಲ್ಲಟದ ನಮ್ಮ ಮನೆಯಲ್ಲಿ ಗಾಜನ್ನು ಯಾರೂ ಕಸಕ್ಕೆ ಹಾಕುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲ ಹಿಂದೆ ಮುಚ್ಚಳ ಕತ್ತರಿಸಿದ ಎಣ್ಣೆ ಡಬ್ಬಿ ಇರುತ್ತಿತ್ತು. ಸೀಳಿದ ಕಂದೀಲಿನ ಗಾಜು, ಔಷಧಿ ಸೀಸೆ, ಒಡೆದ ಬಳೆ ಎಲ್ಲವೂ ಅದರೊಳಗೆ. ಬಳೆ ಒಡೆಯಿತು ಎನ್ನುವ ಹಾಗಿರಲಿಲ್ಲ, ಹೆಚ್ಚಿತು ಎನ್ನಬೇಕು. ಮರೆತು ಅಂದರೆ ಅಜ್ಜಿ ಬಾಯಿ ಮೇಲೆ ಬಡಿಯುತ್ತಿದ್ದಳು. ಯುಗಾದಿಗೆ ಮುಂಚೆ ಮಾನ್ವಿಯಿಂದ ಬಳೆಗಾರ ಖಾಸಿಮಜ್ಜ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಹೆಂಗಸರಿಗೆ ಬಳೆ ಇಟ್ಟು, ಹೋಗುವಾಗ ಡಬ್ಬಿಯನ್ನು ತನ್ನ ಗೋಣಿಚೀಲಕ್ಕೆ ಸುರುವಿಕೊಂಡು, ಬದಲಿಗೆ ಹುಡುಗಿಯರಾದ ನಮಗೆ ಸಣ್ಣ ಬಳೆ ಕೊಡುತ್ತಿದ್ದ. ಆ ಚೂರುಗಳು ರಾಯಚೂರಿಗೆ ಹೋಗಿ, ರೈಲು ಹತ್ತಿ, ಎಲ್ಲೋ ದೂರದ ಭಟ್ಟಿಯಲ್ಲಿ ಕರಗಿ ಮತ್ತೆ ಬಳೆಯಾಗುತ್ತವೆ ಎಂದು ಅವನೇ ಹೇಳಿದ್ದು. ಎಷ್ಟು ಸಲ ಕರಗಿಸಿದರೂ ಗಾಜು ಕೆಡುವುದಿಲ್ಲವಂತೆ. ನನ್ನ ಕೈಯ ಬಳೆ ಮೊದಲು ಯಾರ ಕೈಯಲ್ಲಿತ್ತೋ ಎಂದು ನಾನು ಯೋಚಿಸುತ್ತ ಕೂರುತ್ತಿದ್ದೆ.

ಡಬ್ಬಿಯ ಮೇಲೆ ನಮಗಿಂತ ಹೆಚ್ಚು ಕಣ್ಣು ಚಿಗವ್ವನದು. ಕಾಕಾನ ಹೆಂಡತಿ, ದೇವದುರ್ಗದ ಕಡೆಯವಳು, ಮದುವೆಯಾಗಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಮಧ್ಯಾಹ್ನ ಅಜ್ಜಿ ಅಡ್ಡಾದ ಮೇಲೆ ಚಿಮಣಿ ಹಚ್ಚಿ, ಬಳೆಚೂರನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡುತ್ತಿದ್ದಳು. ಚೂರು ಮೆತ್ತಗಾಗಿ ಬಾಗುತ್ತಿತ್ತು. ತುದಿಗಳನ್ನು ಕೂಡಿಸಿ, ಒಂದರೊಳಗೊಂದು ಪೋಣಿಸಿ ಬಾಗಿಲಿಗೆ ತೋರಣ ಮಾಡುತ್ತಿದ್ದಳು. ಸೀಮೆಎಣ್ಣೆಯ ಹೊಗೆ, ಮಗ್ಗುಲಲ್ಲಿ ತಿನ್ನಲು ಮಂಡಾಳ ಒಗ್ಗರಣೆಯ ತಾಟು. ಉಳಿದ ಚೂರುಗಳನ್ನು ನಾವು ಅಂಗಳದಲ್ಲಿ ರಾಶಿ ಹಾಕಿ, ಬೇರೆ ಚೂರು ಅಲುಗದ ಹಾಗೆ ಒಂದೊಂದೇ ಎಳೆಯುವ ಆಟ ಆಡುತ್ತಿದ್ದೆವು. ಚಿಗವ್ವನೂ ಕೂತು ಆಡುತ್ತಿದ್ದಳು. ಕಳ್ಳಾಟವನ್ನೂ ಆಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಭತ್ತದ ಲಾರಿ ಮಗುಚಿ ಕಾಕಾ ಸತ್ತುಹೋದ. ಓಣಿಯ ಹೆಂಗಸರು ಬಂದು ಹಿತ್ತಲಿನ ಕಲ್ಲಿನ ಮೇಲೆ ಚಿಗವ್ವನ ಕೈಯಿಟ್ಟು ಹಸಿರು ಬಳೆ ಒಡೆದರು. ಅವತ್ತು ಯಾರೂ ಹೆಚ್ಚಿತು ಎನ್ನಲಿಲ್ಲ. ಆ ಚೂರುಗಳನ್ನು ಕಾಲುವೆಗೆ ಹಾಕುವುದು ಪದ್ಧತಿ. ಅತ್ತು ಸುಸ್ತಾದ ಮನೆಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ಹೋದ ಮೇಲೆ ಚಿಗವ್ವನೇ ಕಸಬರಿಗೆ ಹಿಡಿದು ಹಿತ್ತಲು ಗುಡಿಸಿದಳು. ಯಾವತ್ತೂ ಬಳೆಚೂರು ಎಲ್ಲಿ ಹಾಕುತ್ತಿದ್ದಳೋ ಅಲ್ಲಿಗೇ ಹಾಕಿದಳು, ಡಬ್ಬಿಗೆ. ಕೈಗೆ ರೂಢಿಯಾದ ಕೆಲಸ.

ಆ ವರ್ಷ ನಮಗೆ ಯುಗಾದಿ ಇರಲಿಲ್ಲ. ಆದರೂ ಖಾಸಿಮಜ್ಜ ಬಂದ. ಡಬ್ಬಿ ಎತ್ತಿ ಚೀಲಕ್ಕೆ ಸುರುವಬೇಕು ಎನ್ನುವಾಗ ಮೇಲೆಯೇ ಹಸಿರು ಚೂರುಗಳು ಕಂಡವು. ಚಿಗವ್ವನ ಬಳೆಚೂರು ಕಾಲುವೆಗೆ ಹೋಗಿಯೇ ಇಲ್ಲ ಎಂದು ಅಜ್ಜಿಗೆ ತಿಳಿದುಹೋಯಿತು. ಡಬ್ಬಿಗೆ ಅಡ್ಡ ಕೈ ಹಾಕಿ ಅವನ ಮೇಲೆ ಹರಿಹಾಯ್ದಳು.

“ಗಂಡ ಸತ್ತಾಕಿ ಬಳಿ ಕರಗಿಸಿ ಮುತ್ತೈದೇರ ಕೈಗೆ ಏರಿಸ್ತಿಯೇನು?”

ಖಾಸಿಮಜ್ಜ ಸಮಾಧಾನದಿಂದಲೇ ಹೇಳಿದ. “ಭಟ್ಟ್ಯಾಗ ಬಿದ್ದ ಮ್ಯಾಲ ಗಾಜಿಗೆ ಹಿಂದಿಂದು ಏನೂ ಇರಂಗಿಲ್ಲವ್ವಾ. ಎಲ್ಲಾ ಹೊಸಾದಾಗಿ ಬರ್ತದ.”

ಕಾಕಾ ಹೋದಾಗಿನಿಂದ ಬಾಯಿ ಬಿಡದಿದ್ದ ಚಿಗವ್ವ ಬಾಗಿಲ ಮರೆಯಿಂದ ಅಂದಳು. “ಹಂಗಿದ್ರ ನನ್ನೂ ಆ ಚೀಲದಾಗ ಹಾಕ್ಕೊಂಡು ಹೋಗ್ರಿ ಅಜ್ಜಾ.”

ಅಜ್ಜಿ ಡಬ್ಬಿಯನ್ನು ನಮ್ಮ ಮುಂದೆ ತಳ್ಳಿ, ಅವಳ ಚೂರುಗಳನ್ನು ಆರಿಸಿ ತೆಗೆಯಿರಿ ಎಂದಳು. ಅವ್ವನೂ ನಾನೂ ಆರಿಸಲು ಕೂತೆವು. ಅವ್ವ ಹಾಕಿಕೊಳ್ಳುತ್ತಿದ್ದದ್ದೂ ಹಸಿರು ಬಳೆಯೇ, ನನ್ನವೂ ಹಸಿರೇ. ಯಾವುದು ಯಾರದು ಎಂದು ಹೇಗೆ ಹೇಳುವುದು? ಅಜ್ಜಿ ತಾನೇ ಕಣ್ಣ ಹತ್ತಿರ ಹಿಡಿದು ನೋಡಿದಳು, ಅವಳಿಗೂ ಬಗೆಹರಿಯಲಿಲ್ಲ. ಕೊನೆಗೆ ಇಡೀ ಡಬ್ಬಿಯನ್ನೇ ನಮ್ಮ ಕೈಯಲ್ಲಿ ಒಯ್ಯಿಸಿ ಕಾಲುವೆಗೆ ಸುರುವಿಸಿದಳು. ಚಿಗವ್ವನ ತೋರಣವೂ ಅದರ ಜೊತೆಗೇ ಹೋಯಿತು. ಖಾಸಿಮಜ್ಜ ಖಾಲಿ ಚೀಲ ಮಡಚಿ ಸೈಕಲ್ಲಿಗೆ ಕಟ್ಟಿಕೊಂಡು ಹೋದ, ಮುಂದೆ ನಮ್ಮ ಮನೆಗೆ ಬರಲಿಲ್ಲ.

ಬೇಸಿಗೆಗೆ ಕಾಲುವೆಯ ನೀರು ಇಳಿಯಿತು. ಬಟ್ಟೆ ಒಗೆಯಲು ಇಳಿದ ಚಿಗವ್ವನ ಅಂಗಾಲಿಗೆ ಗಾಜು ನಟ್ಟಿತು. ಅವ್ವ ಎಳೆದು ತೆಗೆದಾಗ ನೋಡಿದೆ, ಹಸಿರು ಚೂರು. ಅಜ್ಜಿ ಅರಿಶಿಣ ಒತ್ತುತ್ತ, ನಿನ್ನ ಹಣೆಬರಹ ಎಂದಳು. ಯಾವ ಹಣೆಬರಹ? ನಾವೇ ಸುರುವಿದ ಗಾಜು ಅದು. ಗಾಯ ಕೀವಾಗಿ ವಾಸಿಯಾಯಿತೇ ಹೊರತು ಆ ಕಾಲು ಇವತ್ತಿಗೂ ನೆಟ್ಟಗೆ ಊರುವುದಿಲ್ಲ. ಅಜ್ಜಿಯನ್ನು ನಾನು ಇನ್ನೂ ಕ್ಷಮಿಸಿಲ್ಲ, ಅವಳು ಸತ್ತು ಎಷ್ಟೋ ವರ್ಷವಾಗಿದ್ದರೂ.

ಈಗ ನಾನು ರಾಯಚೂರಿನಲ್ಲಿದ್ದೇನೆ. ನಮ್ಮ ಓಣಿಗೆ ಬರುವ ಗುಜರಿಯವನು ಕಬ್ಬಿಣ ಕೇಳುತ್ತಾನೆ, ರಟ್ಟು ಕೇಳುತ್ತಾನೆ, ಒಡೆದ ಗಾಜು ಎಂದರೆ ಬ್ಯಾಡ್ರಿ ಅಕ್ಕಾ ಎಂದು ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಯರಗೇರಾಕ್ಕೆ ಹೋಗುವ ದಾರಿಯ ಬದಿಯಲ್ಲಿ ಒಡೆದ ಬಾಟಲಿಗಳು ಬಿಸಿಲಿಗೆ ಮಿಂಚುತ್ತಿರುತ್ತವೆ. ಕಸ ಆರಿಸುವ ಹೆಂಗಸರ ಬೆರಳಿಗೆ ಬಟ್ಟೆ ಸುತ್ತಿರುವುದನ್ನು ದಿನಾ ನೋಡುತ್ತೇನೆ. ಕರಗಿಸಿದರೆ ಮತ್ತೆ ಸೀಸೆಯಾಗುವ ಬದುಕು ಗಾಜಿಗಿದೆ. ಬಿಸಾಕಿದರೆ ಅದು ಕೊಳೆಯುವುದಿಲ್ಲ, ಮಣ್ಣೂ ಆಗುವುದಿಲ್ಲ, ಯಾವುದೋ ಕಾಲಿಗೆ ಕಾಯುತ್ತ ಬಿದ್ದಿರುತ್ತದೆ. ಅಜ್ಜಿ ಮೂಢಳಾಗಿದ್ದಳು ಎನ್ನೋಣ, ಓದಿದ ನಮಗೇನು ಬಂದಿದೆ ಧಾಡಿ?

ಮೊನ್ನೆ ಚಿಗವ್ವ ಕಣ್ಣು ತೋರಿಸಲು ನಮ್ಮ ಮನೆಗೆ ಬಂದಿದ್ದಳು. ಈಗ ಯಾರೂ ಏನೂ ಅನ್ನುವುದಿಲ್ಲ, ಹಾಕಿಕೋ ಎಂದು ಹಸಿರು ಗಾಜಿನ ಬಳೆ ತಂದೆ. ಬೇಡ ಬೇಡ ಎನ್ನುತ್ತಲೇ ಕೈ ಚಾಚಿದಳು. ಕೂಲಿ ಮಾಡಿ ಮಾಡಿ ಗೆಣ್ಣುಗಳು ಉಬ್ಬಿದ್ದವು. ನಾನು ತುಸು ಒತ್ತಿದೆ, ಬಳೆ ಒಡೆಯಿತು. ಹೆಚ್ಚಿತು ಎಂದು ನನ್ನ ಬಾಯಿಗೆ ತಾನಾಗಿ ಬಂತು. ಅವಳು ಚೂರುಗಳನ್ನೆಲ್ಲ ಅಂಗೈಗೆ ಬಳಿದುಕೊಂಡು, ಎದ್ದು ಹೋಗಿ ನನ್ನ ಅಡುಗೆಮನೆಯ ಬಾಗಿಲ ಹಿಂದೆ ನೋಡಿದಳು.

“ಡಬ್ಬಿ ಎಲ್ಲಿ ಅದ ಯವ್ವಾ?”

“ಡಬ್ಬಿ ಇಲ್ಲ ಚಿಗವ್ವಾ. ಕಸದಾಗ ಹಾಕು.”

ಅವಳು ಹಾಕಲಿಲ್ಲ. ಚೂರುಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

“ಬ್ಯಾಡ. ಯಾರದರ ಕಾಲಿಗೆ ಚುಚ್ಚತದ.”

ಮರುದಿನ ಊರಿನ ಬಸ್ಸು ಹತ್ತುವಾಗಲೂ ಆ ಗಂಟು ಹಾಗೆಯೇ ಇತ್ತು.